ಮಹಾನಂದಾಳ ಕುಪ್ಪಸದ ತೋಳು

ಮಹಾನಂದಾಳಿಗೆ ಹೊಲಿದುಕೊ ಎಂದು ಹೇಳಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಕಾದಷ್ಟು ಬೈಯಿರಿ.

ಗುಳೇದಗುಡ್ಡದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಮಗ್ಗ ನಿಂತರೆ ನನಗೆ ಗೊತ್ತಾಗುತ್ತಿತ್ತು. ಗಂಡ ಶಿವಪುತ್ರ ಇಳಕಲ್ಲಿನಲ್ಲಿ ಪವರ್‌ಲೂಮ್ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಇವಳು ಕುಪ್ಪಸದ ಖಣ ನೇಯುತ್ತಿದ್ದಳು. ಎಂಥ ಕೈ ಅಂತೀರಿ! ಎಳೆ ಹರಿದರೆ, ಅವಳು ಕೂಡಿಸಿದ ಜಾಗ ದೇವರಿಗೂ ಸಿಗುತ್ತಿರಲಿಲ್ಲ. ನಕ್ಕರೆ ಓಣಿಗೆಲ್ಲ ಕೇಳುತ್ತಿತ್ತು.

೧೯೯೯ರ ಶ್ರಾವಣ. ನೇಯ್ದ ಖಣ ಕೊಟ್ಟು ನೂಲು ತರಲು ವ್ಯಾಪಾರಿ ವೀರೇಶನ ಮನೆಗೆ ಹೋದಳು. ಅವನು ನೂಲಿನ ಕೋಣೆಯ ಬಾಗಿಲು ಹಾಕಿ ಅವಳನ್ನು ಹಿಡಿದೆಳೆದ. ಕಿರುಚಿ, ಕೊಸರಿಕೊಂಡು ಹೇಗೋ ಪಾರಾಗಿ ಬಂದಳು. ಕುಪ್ಪಸದ ಎಡತೋಳು ಭುಜದಿಂದ ಅಂಚಿನವರೆಗೆ ಹರಿದಿತ್ತು.

"ಅಕ್ಕಾ, ನಾ ಪೊಲೀಸರ ಕಡೆ ಹೋಗ್ತೇನಿ. ಅಂವನ ಹೆಸರು ಕಾಗದದಾಗ ಬರೀಬೇಕು. ಅಷ್ಟ ಸಾಕು ನನಗ," ಎಂದಳು. ಅಳುತ್ತಿರಲಿಲ್ಲ, ಹಲ್ಲು ಕಡಿಯುತ್ತಿದ್ದಳು.

ಆಗ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ಹರಕ ಕುಪ್ಪಸ ಸಾಹೇಬರ ಮುಂದ ಹೆಂಗ ಹಿಡೀತಿಯವಾ? ಒಗದು, ಹೊಲದು ಒಯ್ಯಿ. ಎಲ್ಲಿ ಹರದಿತ್ತು ಅಂತ ಬಾಯಿಲೆ ಹೇಳಿದರಾತು." ದೊಡ್ಡವರ ಮುಂದೆ ಹರಿದ ಬಟ್ಟೆ ಇಡಬಾರದೆನ್ನುವುದು ನಮ್ಮ ಓಣಿಯ ಮರ್ಯಾದೆ. ಅವಳು ಅದೇ ಕುಪ್ಪಸದ ಒಳಮಡಿಕೆಯಿಂದ ಎಳೆ ಬಿಡಿಸಿ, ಕುಳಿತು, ಹರಿದದ್ದೇ ಕಾಣದಂತೆ ಎಳೆಗೆ ಎಳೆ ಕೂಡಿಸಿ ರಫೂ ಮಾಡಿದಳು.

ಯಾವ ಊರಿನ ಠಾಣೆ ಎಂದು ಹೇಳುವುದಿಲ್ಲ, ನಾನಿನ್ನೂ ಇಲ್ಲೇ ಬದುಕಬೇಕು. ಜೊತೆಗೆ ನಾನೂ ಹೋದೆ; ಮೂರು ತಾಸು ನಮ್ಮಿಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿದರು. ಯಾರು ಹೇಳಿಕಳಿಸಿದರೋ, ವೀರೇಶನೂ ಬಂದ. ಅವನಿಗೆ ಕುರ್ಚಿ ಬಂತು, ಚಹಾ ಬಂತು. ಥೂ!

ಫೌಜದಾರ ಕುಪ್ಪಸವನ್ನು ಬೆಳಕಿಗೆ ಹಿಡಿದು ನೋಡಿದ. "ಎಲ್ಲಿ ಹರದೈತಿ?"

"ಎಡತೋಳಿನಾಗರಿ ಸಾಹೇಬ್ರ. ನಾನ ಹೊಲದೇನ್ರಿ."

"ಗಂಡ ಇಳಕಲ್ಲಾಗ. ನೀ ಒಬ್ಬಾಕಿನ ಅಂವನ ಕೋಣ್ಯಾಗ ಯಾಕ ಹೋಗಿದ್ದಿ?"

"ನೂಲು ತರಾಕರಿ."

ಹವಾಲ್ದಾರ ಕಿಸಕ್ಕನೆ ನಕ್ಕ. ಮಹಾನಂದಾ ಕುಪ್ಪಸ ಕಸಿದುಕೊಂಡಳು. "ತಡೀರಿ, ಹೊಲಿಗಿ ಬಿಚ್ಚಿ ತೋರಸ್ತೇನಿ!"

"ಇಲ್ಲೇ ಹರದು ತೋರಸಾಕಿ, ಅಲ್ಲೂ ನೀನ ಹರಕೊಂಡಿರಬೇಕು," ಎಂದ ಫೌಜದಾರ. "ಮರ್ಯಾದಿಲೆ ಮನಿಗೆ ನಡಿ."

ನಾನು ಪಕ್ಕದಲ್ಲೇ ಇದ್ದೆ. ಹರಿದದ್ದನ್ನು ಕಣ್ಣಾರೆ ಕಂಡಿದ್ದೆ. ಒಂದೇ ಒಂದು ಮಾತು ಆಡಲಿಲ್ಲ.

ವೀರೇಶನ ಹೆಸರು ಯಾವ ಕಾಗದಕ್ಕೂ ಏರಲಿಲ್ಲ. ಮಹಾನಂದಾಳ ಹೆಸರು ಮಾತ್ರ ಎಲ್ಲರ ಬಾಯಿಗೆ ಬಿತ್ತು. ಊರಿಗೆ ಬಂದ ಶಿವಪುತ್ರ ಕೇಳಿದ್ದೂ ಅದನ್ನೇ, ಒಬ್ಬಾಕಿನ ಯಾಕ ಹೋಗಿದ್ದಿ ಎಂದು. ಬೇರೆ ವ್ಯಾಪಾರಿಗಳು ನೂಲು ಕೊಡಲಿಲ್ಲ, ಕೊನೆಗೆ ವೀರೇಶನಿಗೇ ನೇಯ್ದಳು. ಮಗ್ಗದ ಸದ್ದು ಕೇಳುತ್ತಿತ್ತು, ಅವಳ ನಗು ಮತ್ತೆ ಕೇಳಲಿಲ್ಲ.

ಏಳು ವರ್ಷದ ಮೇಲೆ ಒಂದು ಮಧ್ಯಾಹ್ನ ಅದೇ ಕುಪ್ಪಸ ತಂದು ನನ್ನ ಮಡಿಲಿಗೆ ಹಾಕಿದಳು.

"ಅಕ್ಕಾ, ಇದು ಹರದದ್ದು ಖರೆ ಹೌದಲ್ಲ? ಹುಡುಕಿದರ ನನಗ ಸಿಗವಲ್ದು."

"ಖರೇನವಾ, ಖರೆ. ನಾ ನೋಡೇನಲ್ಲ," ಎಂದೆ. ಕನ್ನಡಕ ಹಾಕಿಕೊಂಡು ಕಿಟಕಿಗೆ ಹೋಗಿ, ಎಡತೋಳನ್ನು ತಿರುವಿ ತಿರುವಿ ನೋಡಿದೆ, ಬೆರಳಾಡಿಸಿ ನೋಡಿದೆ. ನನಗೂ ಸಿಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.