ಗ್ಯಾಸ್ ಬಿಲ್ ಯಾರ ಹೆಸರಿನಲ್ಲಿದೆ?

ತೊಂಬತ್ತರ ದಶಕದ ಕೊನೆಗೆ ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ನನಗಿದ್ದ ಕೆಲಸವೆಂದರೆ ಒಂದು ಪುಟ್ಟ ದ್ವೀಪಕ್ಕೆ ಕಾನೂನು ಬರೆದುಕೊಡುವುದು. ಅಲ್ಲಿನ ಬ್ಯಾಂಕುಗಳಲ್ಲಿ ಯಾರ್ಯಾರದೋ ಕಪ್ಪುಹಣ ಬಿಳಿಯಾಗುತ್ತಿದೆಯೆಂದು ದೊಡ್ಡ ದೇಶಗಳು ಕಣ್ಣು ಕೆಂಪಗೆ ಮಾಡಿದ್ದವು. ದ್ವೀಪದ ಜನವೆಲ್ಲ ಸೇರಿದರೂ ಲಂಡನ್ನಿನ ಅಂಚಿನಲ್ಲಿ ನಾವಿದ್ದ ಹ್ಯಾರೋ ಬಡಾವಣೆ ತುಂಬುತ್ತಿರಲಿಲ್ಲ. ನಿಯಮಗಳಿಗೆ ಮಾತ್ರ ಕೊನೆಯಿರಲಿಲ್ಲ. ಒಂದು ಕರಡು ಮುಗಿಸುವಷ್ಟರಲ್ಲಿ ಇನ್ನೊಂದು ತಿದ್ದುಪಡಿ. ಮನೆಗೆ ಮರಳುವ ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ನಿಂತುಕೊಂಡೇ ತೂಕಡಿಸುವುದನ್ನು ಕಲಿತದ್ದು ಆ ವರ್ಷಗಳಲ್ಲೇ.

ದ್ವೀಪದಿಂದ ಸಭೆಗೆ ಬರುತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ಒಂದು ನಿಯಮಕ್ಕೆ ಕೊನೆಯವರೆಗೂ ತಕರಾರು ತೆಗೆದರು. ಗ್ರಾಹಕರು ವಿಳಾಸಕ್ಕೆ ಪುರಾವೆಯಾಗಿ ತಮ್ಮದೇ ಹೆಸರಿನ ಇತ್ತೀಚಿನ ಗ್ಯಾಸೋ ಕರೆಂಟೋ ಏನಾದರೊಂದು ಬಿಲ್ ತೋರಿಸಬೇಕು ಎಂಬ ನಿಯಮ. "ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮನೆಯ ಹೆಂಗಸರ ಹೆಸರಿಗೆ ಯಾವ ಬಿಲ್ ಬರುತ್ತದೆ?" ಎಂದು ಕೇಳಿದರು. ಗೊತ್ತಿರುವುದನ್ನು ಫೈಲಿಗೆ ಹಾಕಲಾಗದು ಎಂದೆ. ಆ ಉತ್ತರ ನನ್ನ ಮೇಲಿನವರಿಗೆ ಬಹಳ ಹಿಡಿಸಿತು. ನಿಯಮ ಉಳಿಯಿತು.

ಕೆಲವು ವರ್ಷಗಳ ನಂತರ ಅಪ್ಪ ತೀರಿಕೊಂಡರು. ಹ್ಯಾರೋಗೆ ಬರುವ ಮೊದಲು ಅವರು ಅದೇ ದ್ವೀಪದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವರು. ಉಳಿತಾಯದ ಖಾತೆಯೊಂದು ಅಲ್ಲೇ ಉಳಿದಿತ್ತು. ಅದನ್ನು ಅಮ್ಮನ ಹೆಸರಿಗೆ ಮಾಡಿಸಹೋದರೆ ಬ್ಯಾಂಕಿನವರು ಅವಳ ಹೆಸರಿನ ಬಿಲ್ ಕೇಳಿದರು. ಗ್ಯಾಸು, ಕರೆಂಟು, ಕೌನ್ಸಿಲ್ ಟ್ಯಾಕ್ಸು, ಎಲ್ಲವೂ ಅಪ್ಪನ ಹೆಸರಿಗೇ ಬರುತ್ತಿದ್ದವು. ಬದಲಾಯಿಸೋಣ ಎಂದಾಗಲೆಲ್ಲ ಅಮ್ಮ ಮಾತು ಮರೆಸುತ್ತಿದ್ದಳು. ಅಪ್ಪನ ಹೆಸರಿಗೆ ಬಂದ ಲಕೋಟೆಗಳನ್ನು ಒಡೆಯದೆ ಅವರ ಕುರ್ಚಿಯ ಮೇಲಿಡುವಳು. ಸಂಜೆ ನಾನು ಒಡೆದು ದುಡ್ಡು ಕಟ್ಟಬೇಕು.

ಬ್ಯಾಂಕಿನ ಹುಡುಗಿ ಫೋನಿನಲ್ಲಿ ನಿಯಮ ಓದಿ ಹೇಳಿದಳು. ನನ್ನದೇ ವಾಕ್ಯ, ಅಲ್ಪವಿರಾಮದ ಸಮೇತ. ನಗುವುದಕ್ಕೂ ತ್ರಾಣವಿರಲಿಲ್ಲ.

"ಅಲ್ಲಿ ಅರ್ಧ ಊರು ನನ್ ಕೈ ಊಟ ಮಾಡಿದೆ ಕಣೇ. ನಾನ್ಯಾರು ಅಂತ ಗೊತ್ತಿಲ್ವಂತಾ?" ಎಂದಳು ಅಮ್ಮ.

"ಗೊತ್ತಿದ್ರೂ ಪ್ರೂಫ್ ಬೇಕಮ್ಮ."

"ಯಾವ ಪುಣ್ಯಾತ್ಮ ಮಾಡಿದ್ನೋ ಈ ಕಾನೂನು!"

"ನಾನೇ ಬರ್ದಿದ್ದು."

ಅಮ್ಮ ನನ್ನ ಮುಖವನ್ನೇ ನೋಡಿದಳು. "ಬರೆಯೋವಾಗ ನನ್ ನೆನಪು ಬರ್ಲಿಲ್ವಾ?"

ಬಂದಿರಲಿಲ್ಲ. ಆಫೀಸಿನಲ್ಲಿ ಯಾರಿಗೆ ಅಮ್ಮನ ನೆನಪು ಬರುತ್ತದೆ?

ಮರುದಿನ ಗ್ಯಾಸ್ ಕಂಪನಿಗೆ ಫೋನ್ ಮಾಡಿದೆ. ಬಿಲ್ ಯಾರ ಹೆಸರಿಗೆ ಬೇಕೋ ಅವರೇ ಮಾತಾಡಬೇಕು ಎಂದರು. ಅಮ್ಮನ ಕೈಗೆ ಕೊಟ್ಟೆ. ಅಪ್ಪನ ಹೆಸರು ತೆಗೆಯಲು ಕಾರಣವೇನೆಂದು ಅವರು ಕೇಳಿರಬೇಕು. ಅಮ್ಮ ಅದುವರೆಗೆ "ಅವರು ಹೋದ್ಮೇಲೆ" ಎಂದಷ್ಟೇ ಹೇಳುತ್ತಿದ್ದವಳು, ಎಲ್ಲೋ ಹೋಗಿ ಬರುವವರ ಬಗ್ಗೆ ಹೇಳಿದ ಹಾಗೆ. ಆ ದಿನ ಇಂಗ್ಲಿಷಿನಲ್ಲಿ, ಗುರುತಿಲ್ಲದವರಿಗೆ, ಗಂಡ ಸತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಾಯಿತು. ಕೇಳಿಸಲಿಲ್ಲವೆಂದು ಅವರು ಇನ್ನೊಮ್ಮೆ ಹೇಳಿಸಿದರು.

ಕರೆಂಟು, ಕೌನ್ಸಿಲ್ ಟ್ಯಾಕ್ಸುಗಳಲ್ಲೂ ಅದೇ ವಾರ ಹೆಸರು ಬದಲಾಯಿಸಿದೆವು. ಮೊದಲು ಹೊಸ ಗ್ಯಾಸ್ ಬಿಲ್ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ತನ್ನ ಹೆಸರು ಓದಿದಳು. ಅಭ್ಯಾಸಬಲದಿಂದ ಕುರ್ಚಿಯ ಹತ್ತಿರ ಹೋದವಳು ಅದನ್ನು ಅಲ್ಲಿ ಇಡದೆ ನನ್ನ ಕೈಗೆ ಕೊಟ್ಟಳು.

"ಇನ್ಮೇಲೆ ಅವರಿಗೆ ಪೋಸ್ಟೇ ಬರಲ್ಲ ಅಲ್ವಾ?"

ದ್ವೀಪದ ಬ್ಯಾಂಕಿನದು ಬರುತ್ತಲ್ಲಮ್ಮ ಎನ್ನಲು ಬಾಯಿ ತೆರೆದೆ. ಅದನ್ನೂ ನಿಲ್ಲಿಸುವುದಕ್ಕೇ ಅಲ್ಲವೇ ಈ ಬಿಲ್ ತರಿಸಿದ್ದು.