ಮನೆ ಅಳಿಯ ಹೊಡೆದ ಗೋಲು

ಸೂಲಿಬೆಲೆಯಲ್ಲಿ ಹಾಕಿ ಆಡುತ್ತೇವೆ ಅಂದರೆ ಬೆಂಗಳೂರಿನವರು ನಗುತ್ತಾರೆ. ನಗಲಿ. ಮನೋಹರನ ಆಟ ನೋಡದವರ ಜೊತೆ ನನಗೆ ವಾದ ಬೇಡ. ಶಾಲೆಯ ದಿನಗಳಿಂದ ಅವನು ನಮ್ಮೂರ ಫಾರ್ವರ್ಡ್, ನಾನು ಖಲೀಲ, ಗೋಲ್‌ಕೀಪರ್. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಸಂಜೆ ನನ್ನ ವೆಲ್ಡಿಂಗ್ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದ. ಪಂದ್ಯದಲ್ಲಿ ಚೆಂಡು ಅವನಿಗೆ ಸಿಕ್ಕಿತೆಂದರೆ ನಾನು ಈ ತುದಿಯಲ್ಲಿ ಎರಡೂ ಕೈ ಎತ್ತಿಬಿಡುತ್ತಿದ್ದೆ, ಗೋಲು ಆಮೇಲೆ ಆಗುತ್ತಿತ್ತು. ಅವನು ಇಡೀ ಮೈದಾನ ಓಡಿಬಂದು ನನ್ನನ್ನು ತಬ್ಬಿಕೊಳ್ಳುತ್ತಿದ್ದ. ಬೆಂಗಳೂರಿನ ಕ್ಲಬ್ಬಿನವರು ಕರೆದರೂ ಹೋಗಲಿಲ್ಲ. "ಅಲ್ಲಿ ಗೋಲ್ ಹೊಡುದ್ರೆ ಯಾರನ್ನ ತಬ್ಕೊಳ್ಳೋದೋ?" ಅಂದಿದ್ದ.

ನಮ್ಮ ತಾಲ್ಲೂಕಿನ ಪಂದ್ಯಾವಳಿಗೆ ಒಂದು ಕಟ್ಟಳೆಯಿದೆ. ನಿನ್ನ ಮನೆಯ ಒಲೆ ಯಾವ ಊರಲ್ಲಿ ಉರಿಯುತ್ತದೋ ಆ ಊರಿಗೇ ನೀನು ಆಡಬೇಕು. ಹೊರಗಿನ ಆಟಗಾರರನ್ನು ಯಾರೂ ಕರೆತರಬಾರದೆಂದು ಮನೋಹರನ ಅಪ್ಪ ಮುನಿವೆಂಕಟಪ್ಪನವರೇ ಹಿಂದೊಮ್ಮೆ ತಾವೇ ಮುಂದಾಗಿ ಮಾಡಿಸಿದ್ದು ಅದು.

ಹೋದ ವರ್ಷ ಮನೋಹರ ಜಡಿಗೇನಹಳ್ಳಿಯ ಅರ್ಪಿತಳನ್ನು ಮದುವೆಯಾಗಿ, ಅಲ್ಲಿಗೆ ಮನೆ ಅಳಿಯನಾಗಿ ಹೋದ. ಅವಳು ಒಬ್ಬಳೇ ಮಗಳು, ಜಮೀನು ಹಸು ನೋಡಿಕೊಳ್ಳಲು ಬೇರೆ ಗಂಡುದಿಕ್ಕಿರಲಿಲ್ಲ. ತಪ್ಪೇನಿಲ್ಲ ಬಿಡಿ. ಆದರೆ ಈ ವರ್ಷ ಪಂದ್ಯಾವಳಿ ಬಂದಾಗ ಎಲ್ಲರ ತಲೆಯೂ ಕೆಟ್ಟುಹೋಯಿತು. ಮದುವೆಯಾದರೆ ಹೆಣ್ಣಿನ ಊರು ಬದಲಾಗುವುದು ಗೊತ್ತು, ಗಂಡಿನ ಊರೂ ಬದಲಾಗುತ್ತದಾ? ಅವನು ನಮಗೇ ಆಡಬೇಕೆಂದು ನಾನು ಜಗಳಕ್ಕೇ ನಿಂತೆ.

"ಒಲೆ ಎಲ್ಲಿ ಉರೀತೈತೆ ಹೇಳಪ್ಪಾ ಖಲೀಲ," ಅಂದರು ಮುನಿವೆಂಕಟಪ್ಪ. "ಅಲ್ಲಿಗೇ ಆಡ್ಲಿ. ನನ್ ಮಗ ಅಂತ ಬೇರೆ ನ್ಯಾಯ ಹೇಳಕ್ಕಾಯ್ತದಾ?"

ಮುದುಕನ ಮೇಲೆ ನನಗೆ ಸಿಟ್ಟು ಬಂತು, ಹೆಮ್ಮೆಯೂ ಆಯಿತು. ಮನೋಹರ ಅಂಗಡಿಗೆ ಬಂದು ಕೂತ.

"ಲೇ, ನಾನೀಗ ಯಾವೂರ್ನೋನೋ? ಅಲ್ಲಿ ಅಳಿಯಂದ್ರೇ ಅಂತ ಬಾಗಿಲಲ್ಲಿ ದಾರಿ ಬಿಡ್ತಾರೆ. ಈ ಊರಾದ್ರೂ ನಂದಾಗೇ ಇರ್ಲಿ ಕಣೋ."

ಕೊನೆಗೆ ಅವನ ಹೆಸರು ಜಡಿಗೇನಹಳ್ಳಿ ತಂಡದಲ್ಲೇ ಬಂತು.

ಫೈನಲ್ ನಮ್ಮ ಮೈದಾನದಲ್ಲೇ ನಡೆಯಿತು, ನಮಗೂ ಜಡಿಗೇನಹಳ್ಳಿಗೂ. ಇನ್ನೇನು ಆಟ ಮುಗಿಯಬೇಕು, ಚೆಂಡು ಹಿಡಿದು ಮನೋಹರ ಒಬ್ಬನೇ ನನ್ನೆದುರು ಬಂದ. ಎಡಕ್ಕೆ ಬಾಗಿದ, ಬಲಕ್ಕೆ ತಳ್ಳಿದ. ನನ್ನ ಹಿಂದೆ ಗೋಲಿನ ಹಲಗೆಗೆ ಚೆಂಡು ಬಡಿದ ಸದ್ದಾಯಿತು. ಯಾ ಅಲ್ಲಾ, ನನ್ನ ಎರಡೂ ಕೈ ತಾವಾಗೇ ಮೇಲೆದ್ದವು! ನಮಗೇ ಬಿದ್ದ ಗೋಲಿಗೆ ನಾನು ಕುಣಿಯುತ್ತಿದ್ದೆ. ಅವನೂ ನೆಟ್ಟಗೆ ಓಡಿಬಂದು ನನ್ನನ್ನೇ ತಬ್ಬಿಕೊಂಡ. ಹಳೇ ಅಭ್ಯಾಸ, ಏನು ಮಾಡುವುದು? ಸ್ವಲ್ಪ ಹೊತ್ತಾದ ಮೇಲೆ ಇಬ್ಬರಿಗೂ ಎಚ್ಚರವಾಯಿತು. ಜಡಿಗೇನಹಳ್ಳಿಯವರು ಕುಣಿಯುವುದನ್ನು ಅರ್ಧಕ್ಕೆ ನಿಲ್ಲಿಸಿ, ತಮ್ಮ ಅಳಿಯ ಅಲ್ಲೇನು ಮಾಡುತ್ತಿದ್ದಾನೆ ಎಂದು ನೋಡುತ್ತಿದ್ದರು. ನಾನು ಸೋತೆನೋ ಗೆದ್ದೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಆಟ ಮುಗಿದ ಮೇಲೆ ಮನೋಹರ ನನ್ನ ಕೈ ಬಿಡಲಿಲ್ಲ. "ಮನೆಗೆ ಬಾರೋ, ಒಬ್ನೇ ಹೋಗಕ್ಕೆ ಭಯ," ಅಂದ. ಅಪ್ಪನ ಮನೆಗೆ ಹೋದೆವು. ಜಗಲಿಯಲ್ಲಿ ಕೂತಿದ್ದ ಮುನಿವೆಂಕಟಪ್ಪ ತಲೆಯೆತ್ತಿ, "ಚೆನ್ನಾಗ್ ಹೊಡ್ದೆ ಕಣ್ಲಾ," ಅಂದರು. ಮನೋಹರ ಚಿಕ್ಕ ಮಗುವಿನಂತೆ ನಕ್ಕು ನೆಲದ ಮೇಲೆ ಕೂತುಬಿಟ್ಟ. ನನಗೂ ಜೀವ ಬಂದ ಹಾಗಾಯಿತು.

ಅವನಮ್ಮ ಅಮ್ಮಯಮ್ಮ ಕಾಫಿ ತಂದರು. ನನಗೆ ಎಂದಿನ ಸ್ಟೀಲ್ ಲೋಟ. ಮಗನಿಗೆ ಸಾಸರ್ ಮೇಲಿಟ್ಟ ಪಿಂಗಾಣಿ ಕಪ್ಪು, ನೆಂಟರು ಬಂದರೆ ಮಾತ್ರ ಆ ಮನೆಯಲ್ಲಿ ಅಟ್ಟದಿಂದ ಇಳಿಸುವುದು.

ಮನೋಹರ ಕಪ್ಪನ್ನು ನೋಡಿದ. "ಅಮ್ಮಾ, ನಂಗೂ ಲೋಟದಲ್ಲೇ ಕೊಡಮ್ಮ."

"ಇರ್ಲಿ ಕುಡಿಯಪ್ಪಾ," ಅಮ್ಮಯಮ್ಮ ಪ್ರೀತಿಯಿಂದ ಅವನ ತಲೆ ಸವರಿದರು. "ಅಪರೂಪಕ್ಕೆ ಬಂದಿದೀಯ."