ಬೀಗ ಹಾಕಿದ ಮನೆಯಲ್ಲಿ ಎತ್ತಿದ ಫೋನು

ಸತ್ತವರು ಮರಳಿ ಬರುತ್ತಾರೆಂದರೆ ನಾನು ನಗುತ್ತಿದ್ದವನು. ಸುರಪುರದ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ತೀರಿಹೋದ ಗೇಟ್‌ಮನ್ ಬಂದು ತೂಬಿನ ಗೇಟು ಎತ್ತುತ್ತಾನೆಂದು ರೈತರು ಅರ್ಜಿಯನ್ನೇ ಕೊಟ್ಟಿದ್ದರು. ವಿಚಾರಿಸಿದರೆ, ಎತ್ತುತ್ತಿದ್ದವನು ಆ ಅರ್ಜಿಗೆ ಮೊದಲ ಸಹಿ ಹಾಕಿದವನೇ. ಹಾಗಾಗಿ ಈಗ ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸಲಾರೆ. ಏನನ್ನು ನಂಬಬೇಕೆಂದು ನನಗೇ ತಿಳಿದಿಲ್ಲ.

ನನ್ನ ಅಕ್ಕ ಶಾಂತಾ ಕಕ್ಕೇರಾದಲ್ಲಿ ಶಾಲಾ ಶಿಕ್ಷಕಿ. ಕಿಡ್ನಿ ಕೆಟ್ಟು ಆಸ್ಪತ್ರೆ ಸೇರಿದಾಗ ಆರೋಗ್ಯ ವಿಮೆಯವರು ಖರ್ಚು ಕೊಡಲು ಒಪ್ಪಲಿಲ್ಲ. ಪಾಲಿಸಿ ಮಾಡಿಸುವ ಮೊದಲೇ ನಿಮಗೆ ಸಕ್ಕರೆ ಕಾಯಿಲೆ ಇತ್ತು, ಅದನ್ನು ಮುಚ್ಚಿಟ್ಟು ಸುಳ್ಳು ಬರೆದುಕೊಟ್ಟಿದ್ದೀರಿ ಎಂದು ಪತ್ರ ಬಂತು. ಕಾಯಿಲೆಗಿಂತ ಆ ಮಾತೇ ಅಕ್ಕನನ್ನು ಹೆಚ್ಚು ನೋಯಿಸಿತು. "ತಮ್ಮಾ, ರೊಕ್ಕ ಬರ್ಲಿ ಬಿಡ್ಲಿ. ಸುಳ್ಳುಬುರುಕಿ ಅನಿಸ್ಕೊಂಡು ಸಾಯಂಗಿಲ್ಲ ನಾ" ಎಂದಳು.

ಮೇಲ್ಮನವಿಯನ್ನು ಹಾಸಿಗೆಯಲ್ಲೇ ಮಲಗಿ ಆಕೆ ಹೇಳುತ್ತಾ ಹೋದಳು, ನಾನು ಬರೆದೆ, ಆಕೆ ಸಹಿ ಹಾಕಿದಳು. ಮೊದಲು ಅಂಥ ಕಾಯಿಲೆ ತನಗೆ ಇರಲಿಲ್ಲ ಎಂಬ ಆಕೆಯ ಮಾತು ಬಿಟ್ಟರೆ ಅದರಲ್ಲಿ ಬೇರೆ ಪುರಾವೆ ಇರಲಿಲ್ಲ. ಮರುದಿನ ಗಂಟಲಿಗೆ ನಳಿಗೆ ಹಾಕಿದರು. ಅಲ್ಲಿಂದ ಮುಂದೆ ಅಕ್ಕ ಮಾತಾಡಲೇ ಇಲ್ಲ. ಓಡಾಟದಲ್ಲಿ ಆ ಹಾಳೆಗಳು ನಾಲ್ಕು ದಿನ ನನ್ನ ಚೀಲದಲ್ಲೇ ಉಳಿದವು. ಕೊನೆಗೆ ಸುರಪುರದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದೆ. ಅವತ್ತು ಸಂಜೆಯೇ ಅಕ್ಕ ಹೋದಳು.

ಕಾಲುವೆ ಪಕ್ಕದ, ಅಕ್ಕನ ಮನೆಯವರ ಹೊಲದಲ್ಲಿ ಮಣ್ಣು ಮಾಡಿದೆವು. ಅಕ್ಕನ ಗಂಡ ಬಸವರಾಜ ಮಾಮಾ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದವರು, ಮಾತು ಕಡಿಮೆ. ಮೇಲ್ಮನವಿಯ ಸುದ್ದಿ ತೆಗೆದರೆ, ಆಕೆಯೇ ಇಲ್ಲದ ಮೇಲೆ ಯಾರ ಸಲುವಾಗಿ ಬಡಿದಾಡುವುದು, ಬಿಟ್ಟುಬಿಡು ಎಂದರು. ನಾನೂ ಬಿಟ್ಟೆ.

ಮೂರು ವಾರದ ಮೇಲೆ ಅಕ್ಕನ ಹೆಸರಿಗೆ ಯಾದಗಿರಿಯ ವಿಮೆ ಕಚೇರಿಯಿಂದ ಒಂದು ಪತ್ರ ಬಂತು. 'ತಾವು ಫೋನಿನಲ್ಲಿ ತಿಳಿಸಿದಂತೆ' ಶಹಾಪುರದ ವೈದ್ಯರಲ್ಲಿ ಮಾಡಿಸಿದ ರಕ್ತ ಪರೀಕ್ಷೆಯ ದಾಖಲೆ ಕಳಿಸಬೇಕೆಂದು ಅದರಲ್ಲಿತ್ತು. ವೈದ್ಯರ ಹೆಸರು, ದವಾಖಾನೆ ಇರುವ ಓಣಿ, ಎಲ್ಲವೂ ಇತ್ತು. ಮಾಮಾ ಮಾತಾಡಿರಬೇಕೆಂದು ನಾನು, ನಾನು ಮಾತಾಡಿರಬೇಕೆಂದು ಮಾಮಾ. ನಿಜವೆಂದರೆ ಅಕ್ಕ ಶಹಾಪುರದ ಯಾವುದೋ ವೈದ್ಯರಿಗೆ ತೋರಿಸಿಕೊಂಡಿದ್ದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಶಹಾಪುರಕ್ಕೆ ಹೋದೆ. ವಯಸ್ಸಾದ ವೈದ್ಯರು ಹಳೆಯ ರಿಜಿಸ್ಟರ್ ತೆಗೆದು ಹುಡುಕಿದರು. ಅಕ್ಕನ ಹೆಸರು ಸಿಕ್ಕಿತು. ಶಿಕ್ಷಕರ ತರಬೇತಿಗೆಂದು ಆ ಊರಲ್ಲಿದ್ದಾಗ ಜ್ವರ ಬಂದು ತೋರಿಸಿಕೊಂಡಿದ್ದಳು, ಪಾಲಿಸಿ ಮಾಡಿಸುವುದಕ್ಕೆ ಹದಿನೈದು ದಿನ ಮೊದಲು. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಅದರ ನಕಲಿಗೆ ಮುದ್ರೆ ಹಾಕಿಸಿಕೊಂಡೆ.

ಅದನ್ನೂ ಅಕ್ಕನ ಮರಣ ಪ್ರಮಾಣಪತ್ರವನ್ನೂ ಹಿಡಿದು ಯಾದಗಿರಿಗೆ ಹೋದೆ. ಮೇಜಿನ ಹಿಂದೆ ನನ್ನದೇ ವಯಸ್ಸಿನ ಹೆಣ್ಣುಮಗಳೊಬ್ಬರು ಕೂತಿದ್ದರು. ಪ್ರಮಾಣಪತ್ರದ ತಾರೀಕು ಓದಿದರು, ಫೈಲು ಬಿಚ್ಚಿದರು, ಮತ್ತೆ ತಾರೀಕು ಓದಿದರು.

"ಇವರ ಜೋಡಿ ನಾನ ಮಾತಾಡೀನಲ್ರಿ" ಎಂದರು.

ಮನವಿಯಲ್ಲಿದ್ದ ಅಕ್ಕನ ಮನೆಯ ನಂಬರಿಗೆ ತಾವೇ ಫೋನು ಮಾಡಿ ಮಾತಾಡಿದ್ದಾಗಿ ಫೈಲಿನಲ್ಲಿ ಅವರದೇ ಕೈಬರಹದ ಟಿಪ್ಪಣಿ ಇತ್ತು. ಅಕ್ಕ ಹೋದ ಮೂರನೆಯ ದಿನ, ಬೆಳಗಿನ ಹನ್ನೊಂದೂವರೆ. ತಾರೀಕು ತಪ್ಪಿರಬೇಕೆಂದೆ. ಇಪ್ಪತ್ತು ವರ್ಷ ಕಾಗದದ ಮೇಲಿನ ಮುದ್ರೆ ನೋಡಿಯೇ ಅನ್ನ ತಿಂದವನು ನಾನು. ನಮ್ಮ ಮನವಿಯ ಮೇಲೂ ಅದೇ ದಿನ ಕಚೇರಿಗೆ ತಲುಪಿದ ಮುದ್ರೆ ಇತ್ತು. ಕಾಗದ ಕೈಗೆ ಬರುವ ಮೊದಲು ಅವರು ಫೋನು ಮಾಡುವಂತಿರಲಿಲ್ಲ.

ಆ ಹೊತ್ತಿಗೆ ನಾವೆಲ್ಲ ಸಮಾಧಿಗೆ ಹಾಲು ತುಪ್ಪ ಬಿಡಲು ಹೊಲಕ್ಕೆ ಹೋಗಿದ್ದೆವು. ಮನೆಗೆ ಬೀಗ ಹಾಕಿದವನು ನಾನೇ, ಕೀಲಿ ಇದ್ದದ್ದು ನನ್ನ ಜೇಬಿನಲ್ಲಿ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಫೋನು ಇದ್ದದ್ದು ನಡುಮನೆಯಲ್ಲಿ. ತಿರುಗಿ ಬಂದು ಬೀಗ ತೆಗೆದವನೂ ನಾನೇ.

ಹೇಗಿತ್ತು ದನಿ ಎಂದು ಕೇಳಿದೆ.

"ಸಣ್ಣಗಿತ್ರಿ. ಬರ್ಕೋರಿ ಅಂತ ಹೇಳಿ ನಿಧಾನಕ ಬರೆಸಿದ್ರು, ಸಾಲಿ ಹುಡುಗರಿಗೆ ಹೇಳ್ದಂಗ. ಬರ್ದಿದ್ದು ಒಮ್ಮೆ ಓದ್ರಿ ಅಂದ್ರು. ನಾ ಓದಿದೆ. ಆಮ್ಯಾಲೆ ಫೋನ್ ಇಟ್ರು."

ಇನ್ನೇನನ್ನೂ ಕೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಕೂತು, ಫೋನು ತಪ್ಪಿ ಬೇರೆ ಮನೆಗೆ ಹೋಗಿರಬೇಕೆಂದುಕೊಂಡೆ. ಆದರೆ ಬೇರೆ ಮನೆಯವರಿಗೆ ಶಹಾಪುರದ ವೈದ್ಯರು ಹೇಗೆ ಗೊತ್ತು? ಅಕ್ಕನ ಶಾಲೆಯ ಶಿಕ್ಷಕಿಯರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ.

ಮಾಮಾನ ಸಹಿಯ ಮೇಲೆ ಮೇಲ್ಮನವಿ ಮುಂದುವರಿಯಿತು, ಕೆಲವು ತಿಂಗಳಲ್ಲಿ ನಮ್ಮ ಪರವಾಗಿ ತೀರ್ಮಾನವೂ ಆಯಿತು. ಸತ್ಯ ಮುಚ್ಚಿಟ್ಟಿದ್ದಾರೆಂಬ ಮಾತನ್ನು ಹಿಂತೆಗೆದುಕೊಂಡಿರುವುದಾಗಿ ಅವರು ಬರೆದಿದ್ದರು. ಅಂಗಡಿಯಲ್ಲಿ ನಿಂತು ಮಾಮಾ ಆ ಸಾಲನ್ನು ಎರಡು ಸಲ ಓದಿದರು. ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಫೋನಿನ ವಿಷಯವನ್ನು ಆಗ ಹೇಳಿಬಿಟ್ಟೆ. ಹೆದರುತ್ತಾರೆ, ಇಲ್ಲವೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಪತ್ರವನ್ನು ಮಡಚಿ ಗಲ್ಲಾಪೆಟ್ಟಿಗೆಯಲ್ಲಿಟ್ಟು, ನನ್ನ ಮುಖ ನೋಡದೆ ಕೇಳಿದರು.

"ನನ್ನ ಬಗ್ಗೆ ಏನರೆ ಅಂದ್ಳಂತೇನು?"

ಅದೊಂದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ. ಮತ್ತೊಮ್ಮೆ ಯಾದಗಿರಿಗೆ ಹೋದಾಗ ಆ ಹೆಣ್ಣುಮಗಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮಾಮಾನಿಗೆ ಹೌದೆನ್ನಲೋ ಇಲ್ಲವೆನ್ನಲೋ ಅಂದು ನನಗೆ ತೋಚಲಿಲ್ಲ. ಇಂದಿಗೂ ತೋಚಿಲ್ಲ.